ದಿನಕ್ಕೆ ಮೂರೇ ಕೆಲಸ: ಟಾಸ್ಕ್ ಆ್ಯಪ್‌ನಲ್ಲಿ ಮುಖ್ಯ ಕೆಲಸಕ್ಕೆ ಜಾಗ ಮಾಡುವುದು ಹೇಗೆ?

ಫೋನಿಗೆ ಟಾಸ್ಕ್ ಆ್ಯಪ್ ಹಾಕಿಕೊಂಡವರಲ್ಲಿ ಹೆಚ್ಚಿನವರದ್ದು ಒಂದೇ ಕತೆ. ಮೊದಲ ವಾರ ಭಾರೀ ಹುಮ್ಮಸ್ಸು. ನೆನಪಾದದ್ದೆಲ್ಲ ಪಟ್ಟಿಗೆ ಸೇರುತ್ತದೆ. ಗ್ಯಾಸ್ ಬುಕ್ ಮಾಡಬೇಕು, ಕರೆಂಟ್ ಬಿಲ್ ಕಟ್ಟಬೇಕು, ಮಗಳ ಶಾಲೆಯ ಫೀಸು, ಸ್ಕೂಟರ್ ಇನ್ಶೂರೆನ್ಸು, ಊರಿನ ಜಮೀನಿನ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಸೊಂಟನೋವಿಗೆ ಡಾಕ್ಟರ್. ತಿಂಗಳು ಕಳೆದ ಮೇಲೆ ನೋಡಿ. ಗ್ಯಾಸ್ ಬಂದಿರುತ್ತದೆ, ಬಿಲ್ ಕಟ್ಟಿ ಆಗಿರುತ್ತದೆ. ಪೌತಿ ಖಾತೆ ಮತ್ತು ಸೊಂಟನೋವು ಮಾತ್ರ ಇದ್ದಲ್ಲೇ ಇರುತ್ತವೆ.

ಇದು ಸೋಮಾರಿತನ ಅಲ್ಲ. ಕರೆಂಟ್ ಬಿಲ್ ತಾನೇ ಕೂಗಿ ಕರೆಯುತ್ತದೆ. ಮೆಸೇಜ್ ಬರುತ್ತದೆ, ಕಟ್ಟದಿದ್ದರೆ ಲೈನ್‌ಮನ್ ಬರುತ್ತಾರೆ. ಪೌತಿ ಖಾತೆ ಮಾಡಿಸಿ ಅಂತ ಯಾರೂ ಫೋನ್ ಮಾಡುವುದಿಲ್ಲ. ಸಾಲಕ್ಕೋ ಪರಿಹಾರಕ್ಕೋ ಪಹಣಿ ಬೇಕಾದಾಗ, ಅದರಲ್ಲಿ ಇನ್ನೂ ತೀರಿಕೊಂಡ ಅಪ್ಪನ ಹೆಸರೇ ಇರುವುದು ಕಂಡಾಗ ಗಡಿಬಿಡಿ ಶುರುವಾಗುತ್ತದೆ. 1954ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ಒಂದು ಭಾಷಣ ಮಾಡಿದ್ದರು. ಅರ್ಜೆಂಟಾದದ್ದು ಮುಖ್ಯವಲ್ಲ, ಮುಖ್ಯವಾದದ್ದು ಎಂದೂ ಅರ್ಜೆಂಟಲ್ಲ ಎಂಬ ಅರ್ಥದ ಮಾತನ್ನು ಅಲ್ಲಿ ಹೇಳಿದರು. ಅದೂ ಅವರದೇ ಮಾತಲ್ಲ, ಹಿಂದಿನ ಕಾಲೇಜು ಅಧ್ಯಕ್ಷರೊಬ್ಬರದು ಅಂತ ಅವರೇ ಹೇಳಿದ್ದರು. ಕೆಲಸಗಳನ್ನು ಅರ್ಜೆಂಟೋ ಅಲ್ಲವೋ, ಮುಖ್ಯವೋ ಅಲ್ಲವೋ ಅಂತ ವಿಂಗಡಿಸುವ, ಇವತ್ತು ಐಸೆನ್‌ಹೋವರ್ ಹೆಸರಿನಲ್ಲಿ ಓಡಾಡುವ ನಾಲ್ಕು ಚೌಕದ ಚಿತ್ರ ಬೇರೆಯವರು ಆಮೇಲೆ ಬರೆದದ್ದು. ದಿನನಿತ್ಯಕ್ಕೆ ನಾಲ್ಕು ಚೌಕ ಬೇಕಿಲ್ಲ. ತಾನಾಗಿ ಕೂಗುವ ಕೆಲಸ ಯಾವುದು, ಸುಮ್ಮನೆ ಮೂಲೆಯಲ್ಲಿ ಕೂತಿರುವ ಕೆಲಸ ಯಾವುದು ಅಂತ ಗೊತ್ತಾದರೆ ಸಾಕು. ಆ್ಯಪ್ ಬೇಕಿರುವುದು ಎರಡನೆಯದಕ್ಕೆ.

ಯಾವ ಆ್ಯಪ್?

ಇಲ್ಲಿ ಮೈಕ್ರೋಸಾಫ್ಟ್ ಟು ಡು ಇಟ್ಟುಕೊಂಡು ಹೇಳುತ್ತೇನೆ. ಉಚಿತ. ಆ್ಯಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಮೂರರಲ್ಲೂ ನಡೆಯುತ್ತದೆ. ಔಟ್‌ಲುಕ್ ಅಥವಾ ಹಾಟ್‌ಮೇಲ್ ಖಾತೆ ಇದ್ದರೆ ಅದರಲ್ಲೇ ಲಾಗಿನ್ ಆಗಬಹುದು. ಇದರ ಹಿಂದೆ ವಂಡರ್‌ಲಿಸ್ಟ್ ಎಂಬ ಬರ್ಲಿನ್‌ನ ಆ್ಯಪ್ ಇದೆ. ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಕೊಂಡುಕೊಂಡಿತು, 2017ರಲ್ಲಿ ಟು ಡು ತಂದಿತು, 2020ರ ಮೇ ತಿಂಗಳಲ್ಲಿ ವಂಡರ್‌ಲಿಸ್ಟನ್ನು ಮುಚ್ಚಿತು. ವಂಡರ್‌ಲಿಸ್ಟ್ ಬಳಸುತ್ತಿದ್ದವರು ಆಗ ಗೊಣಗಿದ್ದು ಉಂಟು.

ನಾನು ಇದನ್ನು ಆರಿಸಲು ಕಾರಣ ಇದರಲ್ಲಿರುವ 'ಮೈ ಡೇ' ಪುಟ. ಪ್ರತಿ ರಾತ್ರಿ 12ಕ್ಕೆ ಆ ಪುಟ ಖಾಲಿಯಾಗುತ್ತದೆ. ಕೆಲಸಗಳು ಅಳಿಸಿಹೋಗುವುದಿಲ್ಲ, ತಮ್ಮ ತಮ್ಮ ಪಟ್ಟಿಯಲ್ಲಿ ಉಳಿದಿರುತ್ತವೆ. ಆದರೆ ಇವತ್ತಿನ ಪುಟ ಬೆಳಿಗ್ಗೆ ಬೋಳು. ಅದನ್ನು ನೀವೇ ಕೈಯಾರೆ ತುಂಬಬೇಕು. ತುಂಬಾ ಜನಕ್ಕೆ ಇದು ಕಿರಿಕಿರಿ ಅನ್ನಿಸುತ್ತದೆ. ನನ್ನ ಪ್ರಕಾರ ಈ ಆ್ಯಪ್‌ನ ಬೆಲೆ ಇರುವುದೇ ಇಲ್ಲಿ. ಹಳೆಯ ಬಾಕಿಗಳೆಲ್ಲ ಕೆಂಪು ಅಕ್ಷರದಲ್ಲಿ ತಾವಾಗಿಯೇ ಇವತ್ತಿಗೆ ಉರುಳಿಕೊಂಡು ಬಂದರೆ, ಮೂರನೇ ದಿನಕ್ಕೆ ನೀವು ಆ್ಯಪ್ ತೆರೆಯುವುದನ್ನೇ ಬಿಡುತ್ತೀರಿ.

ನಿಮ್ಮಲ್ಲಿ ಈಗಾಗಲೇ ಗೂಗಲ್ ಟಾಸ್ಕ್ಸ್, ಟೊಡೊಯಿಸ್ಟ್ ಅಥವಾ ಟಿಕ್‌ಟಿಕ್ ಇದ್ದರೆ ಬದಲಿಸಬೇಕಿಲ್ಲ. ಅದರಲ್ಲಿ 'ಇವತ್ತು' ಅಂತ ಒಂದು ಪಟ್ಟಿ ಮಾಡಿಕೊಂಡು, ರಾತ್ರಿ ನೀವೇ ಖಾಲಿ ಮಾಡಿದರೆ ಆಯಿತು. ವಾಟ್ಸಾಪ್‌ನಲ್ಲಿ ತಮಗೆ ತಾವೇ ಮೆಸೇಜ್ ಕಳಿಸಿಕೊಂಡು ಕೆಲಸ ನೆನಪಿಡುವವರು ಮಾತ್ರ ದಯವಿಟ್ಟು ಅಲ್ಲಿಂದ ಹೊರಗೆ ಬನ್ನಿ. ಅಲ್ಲಿ ಮುಗಿದದ್ದು ಯಾವುದು, ಮುಗಿಯದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಅದನ್ನು ನೋಡಲು ಹೋದವರು ಬೇರೆಯವರ ಸ್ಟೇಟಸ್ ನೋಡಿಕೊಂಡು ವಾಪಸ್ ಬರುತ್ತಾರೆ.

ಹಂತ 1: ಮೂರು ಪಟ್ಟಿ, ಉಳಿದದ್ದು ಮರೆಮಾಡಿ

ಆ್ಯಪ್ ತೆರೆದು ಮೂರು ಹೊಸ ಪಟ್ಟಿ ಮಾಡಿ. ಹೆಸರು ಕನ್ನಡದಲ್ಲೇ ಇಡಿ: 'ಮುಖ್ಯ', 'ಸಣ್ಣಪುಟ್ಟ', 'ಮುಂದೆ ನೋಡೋಣ'. ಆಫೀಸಿಗೊಂದು, ಮನೆಗೊಂದು, ಮಕ್ಕಳಿಗೊಂದು ಅಂತ ಹತ್ತು ಪಟ್ಟಿ ಮಾಡಲು ಕೈ ತುರಿಸುತ್ತದೆ. ಬೇಡ. ಯಾವ ಕೆಲಸ ಯಾವ ಪಟ್ಟಿಗೆ ಅಂತ ಯೋಚಿಸುವುದೇ ಒಂದು ಕೆಲಸವಾಗಿಬಿಡುತ್ತದೆ. ಬಣ್ಣ, ಹಿನ್ನೆಲೆ ಚಿತ್ರ, ಎಮೋಜಿ ಎಲ್ಲ ಮೊದಲ ದಿನದ ಆಟ. ಆಡಿ, ಬೇಡ ಅನ್ನುವುದಿಲ್ಲ, ಆದರೆ ಒಂದೇ ದಿನ.

ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ. 'ಸ್ಮಾರ್ಟ್ ಲಿಸ್ಟ್ಸ್' ಎಂಬ ವಿಭಾಗದಲ್ಲಿ ನಿಮಗೆ ಬೇಡದ್ದನ್ನು ಆಫ್ ಮಾಡಿ. 'ಪ್ಲ್ಯಾನ್ಡ್' ಒಂದು ಇರಲಿ, ಗಡುವು ಇರುವ ಕೆಲಸಗಳು ಅದರಲ್ಲಿ ದಿನಾಂಕದ ಪ್ರಕಾರ ಕಾಣುತ್ತವೆ. ಇವತ್ತಿನ ಗಡುವಿನ ಕೆಲಸಗಳನ್ನು ತಾನಾಗಿ ಮೈ ಡೇಗೆ ತರುವ ಸ್ವಿಚ್ ಕಂಡರೆ ಅದನ್ನೂ ಆಫ್ ಮಾಡಿ. ನಾವು ಆರಿಸದೆ ಆ ಪುಟಕ್ಕೆ ಏನೂ ಬರಬಾರದು.

ಕೆಲಸ ಮುಗಿಸಿ ಟಿಕ್ ಮಾಡಿದಾಗ ಬರುವ 'ಟಿಂಗ್' ಸದ್ದನ್ನು ನಿಲ್ಲಿಸುವುದು ನಿಮ್ಮಿಷ್ಟ. ನಾನಾದರೆ ನಿಲ್ಲಿಸುತ್ತೇನೆ. ಹಾಲಿನ ಕೂಪನ್ ತಂದದ್ದಕ್ಕೂ ಅದೇ ಸದ್ದು, ಪರೀಕ್ಷೆಗೆ ಒಂದು ಇಡೀ ಅಧ್ಯಾಯ ಓದಿದ್ದಕ್ಕೂ ಅದೇ ಸದ್ದು. ಟಿಂಗ್ ಕೇಳುವ ಆಸೆಗೆ ಬಿದ್ದವರು ಹಾಲಿನ ಕೂಪನ್‌ಗಳನ್ನೇ ಮಾಡುತ್ತ ಹೋಗುತ್ತಾರೆ.

ಹಂತ 2: ತಲೆಯಲ್ಲಿರುವುದನ್ನೆಲ್ಲ ಇಳಿಸಿ

ಅರ್ಧ ಗಂಟೆ ಕೂತು ನೆನಪಾದದ್ದನ್ನೆಲ್ಲ ಬರೆಯಿರಿ. ಎಲ್ಲಿ ಹಾಕಬೇಕು ಅಂತ ಈಗ ಯೋಚಿಸಬೇಡಿ. ಆ್ಯಪ್‌ನಲ್ಲಿ 'ಟಾಸ್ಕ್ಸ್' ಎಂಬ ಪಟ್ಟಿ ಮೊದಲೇ ಇರುತ್ತದೆ, ಎಲ್ಲವೂ ಅಲ್ಲಿಗೇ ಬೀಳಲಿ. ಟೈಪ್ ಮಾಡಲು ಬೇಜಾರಾದರೆ ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ. ಒಂದೆರಡು ಅಕ್ಷರ ತಪ್ಪಿದರೂ ನಿಮಗೆ ಅರ್ಥವಾದರೆ ಸಾಕು.

ಬರೆದಿಡುವುದರಿಂದ ತಲೆ ಹಗುರಾಗುತ್ತದೆ ಅನ್ನುವುದು ಬರೀ ಭಾವನೆ ಅಲ್ಲ. ಮುಗಿಯದ ಕೆಲಸ ಮನಸ್ಸನ್ನು ಕೆರೆಯುತ್ತಲೇ ಇರುತ್ತದೆ ಅಂತ 1927ರಲ್ಲೇ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಬರೆದಿದ್ದರು. 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲಸ ಮುಗಿಯದಿದ್ದರೂ ಪರವಾಗಿಲ್ಲ, ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಯೋಜಿಸಿದರೂ ಆ ಕೆರೆತ ಕಡಿಮೆಯಾಗುತ್ತದೆ ಅಂತ ಅವರ ಪ್ರಯೋಗಗಳು ತೋರಿಸಿದವು. 'ಪೌತಿ ಖಾತೆ' ಅಂತ ಎರಡು ಪದ ಬರೆದಿಟ್ಟರೆ ಅದು ಯೋಜನೆ ಆಗುವುದಿಲ್ಲ. ಆದ್ದರಿಂದ ಮುಂದಿನ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

ಹಂತ 3: ಮುಖ್ಯ ಕೆಲಸವನ್ನು ಒಡೆಯಿರಿ

ಈಗ ಆ ಗುಡ್ಡೆಯನ್ನು ಮೂರು ಪಟ್ಟಿಗೆ ಹಂಚಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಆರು ತಿಂಗಳು ಮುಟ್ಟದಿದ್ದರೆ ನನಗೆ ನಿಜಕ್ಕೂ ನಷ್ಟ ಆಗುತ್ತದೆಯಾ? ಹೌದು ಅಂತಾದರೆ, ಆದರೂ ಯಾರೂ ಅದಕ್ಕಾಗಿ ನನ್ನನ್ನು ಬೆನ್ನಟ್ಟುತ್ತಿಲ್ಲ ಅಂತಾದರೆ, ಅದು 'ಮುಖ್ಯ'. ಇಲಾಖಾ ಪರೀಕ್ಷೆಯ ಓದು, ಪಿಎಚ್‌ಡಿ ಅಧ್ಯಾಯ, ಅಮ್ಮನ ಕಣ್ಣಿನ ತಪಾಸಣೆ, ಅಂಗಡಿ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರ್‌ಗೆ ತರುವುದು, ಇವೆಲ್ಲ ಆ ಜಾತಿ. ಈ ಪಟ್ಟಿಯಲ್ಲಿ ಐದಕ್ಕಿಂತ ಜಾಸ್ತಿ ಇರಬಾರದು. ಆರನೆಯದು ಬಂದರೆ ಒಂದನ್ನು 'ಮುಂದೆ ನೋಡೋಣ'ಕ್ಕೆ ಕಳಿಸಿ. ಇಲ್ಲಿ ದಾಕ್ಷಿಣ್ಯ ಬೇಡ.

ಪೌತಿ ಖಾತೆಯನ್ನೇ ತೆಗೆದುಕೊಳ್ಳೋಣ. ಅಪ್ಪ ತೀರಿಕೊಂಡ ಮೇಲೆ ಪಹಣಿಗೆ ವಾರಸುದಾರರ ಹೆಸರು ಬರುವಂತೆ ಮಾಡಿಸುವ ಕೆಲಸ ಇದು. ನೀವು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇದ್ದೀರಿ, ಜಮೀನು ಊರಲ್ಲಿದೆ. 'ಪೌತಿ ಖಾತೆ ಮಾಡಿಸು' ಅಂತ ಬರೆದರೆ ಮನಸ್ಸು ಅದನ್ನು ನೋಡಿ ಹಿಂದೆ ಸರಿಯುತ್ತದೆ. ಯಾಕೆಂದರೆ ಅದು ಒಂದು ಕೆಲಸ ಅಲ್ಲ, ಹತ್ತು ಕೆಲಸ. ಯಾವುದರಿಂದ ಶುರು ಮಾಡಬೇಕು ಅಂತ ತಿಳಿಯದೇ ಸುಮ್ನೆ ಮುಂದಕ್ಕೆ ಹೋಗುತ್ತೇವೆ.

ಆ ಕೆಲಸದ ಮೇಲೆ ಒತ್ತಿದರೆ 'ಆ್ಯಡ್ ಸ್ಟೆಪ್' ಅಂತ ಕಾಣುತ್ತದೆ. ಅಲ್ಲಿ ಹೀಗೆ ಬರೆಯಿರಿ:

ಅಮ್ಮನಿಗೆ ಫೋನ್: ಅಪ್ಪನ ಮರಣ ಪ್ರಮಾಣಪತ್ರ ಯಾವ ಟ್ರಂಕಿನಲ್ಲಿದೆ?
ಭೂಮಿ ವೆಬ್‌ಸೈಟ್‌ನಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ನೋಡು, ಅಪ್ಪನ ಹೆಸರಿದೆಯಾ, ಇನ್ನೂ ಅಜ್ಜನದೇ ಇದೆಯಾ?
ಅಣ್ಣ, ಅಕ್ಕನಿಂದ ಆಧಾರ್ ಪ್ರತಿ ತರಿಸು.
ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ.
ಅದು ಕೈಗೆ ಬಂದ ಮೇಲೆ ಖಾತೆಗೆ ಅರ್ಜಿ, ಅರ್ಜಿ ನಂಬರನ್ನು ಇಲ್ಲೇ ನೋಟ್‌ನಲ್ಲಿ ಬರೆದಿಡು.

ಒಂದೊಂದು ಸಾಲಿನಲ್ಲೂ ಮಾಡುವ ಕ್ರಿಯೆ ಇದೆ, ಯಾರ ಹತ್ತಿರ ಅಥವಾ ಎಲ್ಲಿ ಅನ್ನುವುದೂ ಇದೆ. ಮೊದಲ ಸಾಲಿಗೆ ಐದು ನಿಮಿಷ ಸಾಕು. ಎರಡನೆಯದನ್ನು ಊಟದ ಬಿಡುವಿನಲ್ಲಿ ಮಾಡಬಹುದು. ಹೆಸರು ಅಜ್ಜನದೇ ಇದೆ ಅಂತ ಗೊತ್ತಾದರೆ ವಂಶವೃಕ್ಷ ದೊಡ್ಡದಾಗುತ್ತದೆ, ಚಿಕ್ಕಪ್ಪ, ಅತ್ತೆಯರ ಮಾತೂ ಬರುತ್ತದೆ. ಆಗ ಪಟ್ಟಿ ಬದಲಿಸಿ. ಮೊದಲೇ ಪೂರ್ತಿ ಯೋಜನೆ ಹಾಕಬೇಕಿಲ್ಲ, ಕಣ್ಣಿಗೆ ಕಾಣುವ ಎರಡು ಮೂರು ಹೆಜ್ಜೆ ಸಾಕು.

ಒಂದು ತಾಂತ್ರಿಕ ವಿಷಯ. ಸ್ಟೆಪ್‌ಗೆ ರಿಮೈಂಡರ್ ಇಡಲು ಆಗುವುದಿಲ್ಲ, ಅದನ್ನು ಮೈ ಡೇಗೆ ಹಾಕಲೂ ಆಗುವುದಿಲ್ಲ. ಅದಕ್ಕೆ ಸ್ಟೆಪ್‌ನ ಪಕ್ಕದ ಮೂರು ಚುಕ್ಕಿ ಒತ್ತಿ 'ಪ್ರಮೋಟ್ ಟು ಟಾಸ್ಕ್' ಆರಿಸಿ. ಆ ಸಾಲು ಬಿಡಿ ಕೆಲಸವಾಗುತ್ತದೆ. ಸರದಿ ಬಂದ ಹೆಜ್ಜೆಯನ್ನು ಮಾತ್ರ ಹೀಗೆ ಹೊರಗೆ ತನ್ನಿ. ಉಳಿದವು ಒಳಗೇ ಇರಲಿ.

ಓದಿನ ಕೆಲಸವಾದರೂ ಇದೇ ದಾರಿ. 'ಪರೀಕ್ಷೆಗೆ ಓದು' ಅಂದರೆ ಏನೂ ಹೇಳಿದಂತಾಗಲಿಲ್ಲ. 'ಸೇವಾ ನಿಯಮಗಳ ಅಧ್ಯಾಯ ಓದಿ ಹಳೆ ಪ್ರಶ್ನೆಪತ್ರಿಕೆಯ ಐದು ಪ್ರಶ್ನೆಗೆ ಉತ್ತರ ಬರೆ' ಅಂದರೆ ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತಾಗುತ್ತದೆ.

ಹಂತ 4: ಸುಳ್ಳು ಗಡುವು ಬೇಡ

ಡ್ಯೂ ಡೇಟ್ ಜಾಗದಲ್ಲಿ ನಿಜವಾದ ತಾರೀಖು ಮಾತ್ರ ಹಾಕಿ. ಇನ್ಶೂರೆನ್ಸ್ ಮುಗಿಯುವ ದಿನ, ಪರೀಕ್ಷಾ ಶುಲ್ಕದ ಕೊನೆ ದಿನ, ಬೆಂಗಳೂರಿನ ಆಸ್ತಿ ತೆರಿಗೆಗೆ ಶೇ 5 ರಿಯಾಯಿತಿ ಸಿಗುವ ಏಪ್ರಿಲ್ ತಿಂಗಳು, ಇಂಥವು. ಇವುಗಳಲ್ಲಿ ವರ್ಷವರ್ಷವೂ ಬರುವಂಥದಕ್ಕೆ 'ರಿಪೀಟ್' ಕೊಟ್ಟುಬಿಡಿ. ನಂತರ ಅದರ ಚಿಂತೆ ಆ್ಯಪ್‌ನದು.

'ಬೇಗ ಮಾಡೋಣ' ಅನ್ನುವ ಆಸೆಗೆ ಶುಕ್ರವಾರ ಅಂತ ತಾರೀಖು ಹಾಕಬೇಡಿ. ಶುಕ್ರವಾರ ದಾಟಿದರೂ ಆಕಾಶ ಬೀಳುವುದಿಲ್ಲ ಅಂತ ನಿಮಗೂ ಗೊತ್ತು. ಹೀಗೆ ನಾಲ್ಕು ಸಲ ಆದ ಮೇಲೆ ನಿಜವಾದ ಗಡುವು ಬಂದರೂ ಅದು ಕಣ್ಣಿಗೆ ನಾಟುವುದಿಲ್ಲ.

ಹಂತ 5: ಹಿಂದಿನ ರಾತ್ರಿ ಮೂರು ಆರಿಸಿ

ಊಟ ಮುಗಿದ ಮೇಲೆ ಐದು ನಿಮಿಷ. 'ಮುಖ್ಯ'ದಿಂದ ಒಂದೇ ಒಂದು, 'ಸಣ್ಣಪುಟ್ಟ'ದಿಂದ ಎರಡು. ಇಷ್ಟೇ ನಾಳೆಯ ಮೈ ಡೇ. ಪುಟ 12ಕ್ಕೆ ಖಾಲಿಯಾಗುವುದರಿಂದ ರಾತ್ರಿ 10ಕ್ಕೆ ಹಾಕಿದರೆ ಮಾಯವಾಗುತ್ತದೆ ಅಲ್ವಾ? ಅದಕ್ಕೆ ರಾತ್ರಿ ಆ ಮೂರು ಕೆಲಸಕ್ಕೆ ಬೆಳಿಗ್ಗೆಯ ರಿಮೈಂಡರ್ ಮಾತ್ರ ಇಡಿ, ಎದ್ದ ಮೇಲೆ ಮೈ ಡೇಗೆ ಸೇರಿಸಿ. ಅಥವಾ ಒಂದು ಚೀಟಿಯ ಮೇಲೆ ಬರೆದಿಡಿ. ಬೆಳಿಗ್ಗೆಯೇ ಆರಿಸುತ್ತೇನೆ ಅನ್ನುವವರು ವಾಟ್ಸಾಪ್ ತೆರೆಯುವ ಮೊದಲು ಆರಿಸಿ. ಒಮ್ಮೆ ವಾಟ್ಸಾಪ್ ತೆರೆದರೆ ನಿಮ್ಮ ಮೂರು ಕೆಲಸ ಬೇರೆಯವರು ಆರಿಸಿಕೊಡುತ್ತಾರೆ.

ಮೂರು ಕಮ್ಮಿ ಆಯಿತು ಅನ್ನಿಸಬಹುದು. ನಾವು ಒಂದು ಕೆಲಸಕ್ಕೆ ಹಿಡಿಯುವ ಸಮಯವನ್ನು ಯಾವಾಗಲೂ ಕಮ್ಮಿ ಅಂದಾಜು ಮಾಡುತ್ತೇವೆ. ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಈ ಚಾಳಿಯ ಬಗ್ಗೆ ಬರೆದಿದ್ದಾರೆ. ಜೊತೆಗೆ ಅಡುಗೆ, ಓಡಾಟ, ಆಫೀಸಿನ ಮೀಟಿಂಗ್, ಮಕ್ಕಳ ಹೋಮ್‌ವರ್ಕ್ ಯಾವುದೂ ಈ ಪುಟದಲ್ಲಿಲ್ಲ, ಆದರೂ ದಿನದಲ್ಲಿ ಇವೆ. ಮೂರೂ ಮುಗಿದು ಸಮಯ ಉಳಿದರೆ 'ಸಣ್ಣಪುಟ್ಟ'ದಿಂದ ಇನ್ನೊಂದು ಎಳೆದುಕೊಳ್ಳಿ. ಯಾರು ಬೇಡ ಅಂದರು?

ಮೈ ಡೇ ಪುಟದಲ್ಲಿ ಒಂದು ಬಲ್ಬ್ ಚಿಹ್ನೆ ಇದೆ. ಅದನ್ನು ಒತ್ತಿದರೆ ನಿನ್ನೆ ಉಳಿದದ್ದು, ಗಡುವು ಹತ್ತಿರ ಬಂದದ್ದು ಎಲ್ಲ ಸಲಹೆಯಾಗಿ ಬರುತ್ತವೆ. ಗಡುವು ನೋಡಲು ಅದು ಒಳ್ಳೆಯದು. ಆದರೆ ತಾರೀಖು ಇಲ್ಲದ ಮುಖ್ಯ ಕೆಲಸವನ್ನು ಅದು ನೆನಪಿಸುತ್ತದೆ ಅಂತ ನಂಬಿ ಕೂರಬೇಡಿ. ಮೊದಲು 'ಮುಖ್ಯ' ಪಟ್ಟಿ ತೆರೆಯಿರಿ, ಆಮೇಲೆ ಬಲ್ಬ್.

ಹಂತ 6: ಯಾವ ಹೊತ್ತು, ಯಾವ ಜಾಗ

ಆರಿಸಿದ ಮುಖ್ಯ ಕೆಲಸಕ್ಕೆ ಒಂದು ಹೊತ್ತು ಗೊತ್ತು ಮಾಡಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. 'ಓದುತ್ತೇನೆ' ಅನ್ನುವ ಸಂಕಲ್ಪಕ್ಕಿಂತ 'ಇಂಥದ್ದು ಆದ ಕೂಡಲೇ ಇಂಥದ್ದನ್ನು ಮಾಡುತ್ತೇನೆ' ಅನ್ನುವ ರೀತಿಯ ಯೋಜನೆ ಜಾಸ್ತಿ ಫಲ ಕೊಡುತ್ತದೆ ಅನ್ನುವುದು ಅದರ ಸಾರ. ಹಾಗಾಗಿ ಕೆಲಸದ ಹೆಸರಿನಲ್ಲೇ ಅದನ್ನು ಸೇರಿಸಿ: 'ಕಾಫಿ ಕುಡಿದ ಮೇಲೆ, ಊಟದ ಮೇಜಿನ ಹತ್ತಿರ, ಅಧ್ಯಾಯ 2'. 'ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ ಅಮ್ಮನಿಗೆ ಫೋನ್'. ಗಡಿಯಾರದ ಹೊತ್ತಿಗಿಂತ ದಿನಾ ತಪ್ಪದೇ ನಡೆಯುವ ಒಂದು ಸಂಗತಿಗೆ ಗಂಟು ಹಾಕುವುದು ಮನೆಯಲ್ಲಿರುವವರಿಗೆ ಹೆಚ್ಚು ಅನುಕೂಲ. ಅಂಗಡಿ ಇಟ್ಟವರಿಗೆ ಬೆಳಗಿನ ವ್ಯಾಪಾರ ಮುಗಿದು ಮಧ್ಯಾಹ್ನ ಗಿರಾಕಿ ಕಮ್ಮಿಯಾಗುವ ಹೊತ್ತು ಸಿಗುತ್ತದೆ. ಶಿಫ್ಟ್ ಕೆಲಸದವರು ಗಡಿಯಾರ ಮರೆತು 'ಎದ್ದ ಮೇಲೆ' ಅಂತಲೇ ಬರೆಯಿರಿ, ಎದ್ದದ್ದು ಮಧ್ಯಾಹ್ನ 2ಕ್ಕಾದರೂ ಸರಿ.

ಆ ಹೊತ್ತಿಗೆ ಒಂದು ರಿಮೈಂಡರ್ ಇಡಿ. ಒಂದೇ. ಮೂರು ಕೆಲಸಕ್ಕೂ ಎರಡೆರಡು ಇಟ್ಟರೆ ಎರಡು ದಿನದಲ್ಲಿ ನಿಮ್ಮ ಬೆರಳು ತಾನಾಗಿ ಸರಿಸಿಹಾಕಲು ಕಲಿಯುತ್ತದೆ. ಬೆಳಗ್ಗೆಯ ರಿಮೈಂಡರನ್ನು ಕೆಲಸದ ಹೊತ್ತಿಗೆ ಬದಲಿಸಿಕೊಂಡರೂ ಆಯಿತು. ರಿಮೈಂಡರ್ ಬರುವುದೇ ಇಲ್ಲ ಅನ್ನುವ ದೂರು ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯ. ಬ್ಯಾಟರಿ ಉಳಿಸಲು ಫೋನೇ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ಟು ಡು ಆರಿಸಿ, ಬ್ಯಾಟರಿ ವಿಭಾಗದಲ್ಲಿ ನಿರ್ಬಂಧ ತೆಗೆಯಿರಿ. ನೋಟಿಫಿಕೇಶನ್ ಅನುಮತಿ ಇದೆಯಾ ಅಂತಲೂ ನೋಡಿ.

ಕೆಲಸಕ್ಕೆ ಕೂತ ಮೇಲೆ ಫೋನಿನ 'ಡು ನಾಟ್ ಡಿಸ್ಟರ್ಬ್' ಹಾಕಿ. ಮನೆಯವರ ನಂಬರನ್ನು ಅದರಲ್ಲಿ ವಿನಾಯಿತಿ ಮಾಡಿ, ಇಲ್ಲದಿದ್ದರೆ ಯಾರಿಗೆ ಏನಾಯಿತೋ ಅಂತ ಮನಸ್ಸು ಅತ್ತಲೇ ಇರುತ್ತದೆ. ಎಷ್ಟು ಹೊತ್ತು ಅನ್ನುವುದಕ್ಕೆ ನಿಯಮ ಇಲ್ಲ. 25 ನಿಮಿಷ ಸಿಕ್ಕರೂ ಕೂರಿ. ಎರಡು ಗಂಟೆ ಬಿಡುವು ಸಿಕ್ಕಾಗ ಮಾಡುತ್ತೇನೆ ಅಂತ ಕಾದವರಿಗೆ ಆ ಎರಡು ಗಂಟೆ ಸಿಗುವುದು ದಸರಾ ರಜೆಯಲ್ಲಿ, ಆಗ ನೆಂಟರು ಬಂದಿರುತ್ತಾರೆ.

ಹಂತ 7: ನಡುವೆ ಬಂದದ್ದನ್ನು ಎಲ್ಲಿ ಹಾಕಬೇಕು?

ಓದುತ್ತ ಕೂತಾಗಲೇ ನೆನಪಾಗುತ್ತದೆ, ಗೀಸರ್ ರಿಪೇರಿಯವನಿಗೆ ಫೋನ್ ಮಾಡಬೇಕಿತ್ತು. ಆ್ಯಪ್ ತೆರೆದು 'ಟಾಸ್ಕ್ಸ್' ಪಟ್ಟಿಯಲ್ಲಿ 'ಗೀಸರ್' ಅಂತ ಬರೆದು ಮುಚ್ಚಿ. ಮೈ ಡೇಗೆ ಹಾಕಬೇಡಿ. ಮೈ ಡೇ ಪುಟದಲ್ಲಿ ನಿಂತು ಬರೆದರೆ ಅದು ಇವತ್ತಿನ ಲೆಕ್ಕಕ್ಕೇ ಸೇರುತ್ತದೆ, ಗಮನಿಸಿ. ಸಂಜೆ ನೋಡಿದರಾಯಿತು.

ಬಾಸ್ ಅಥವಾ ಮನೆಯವರು ನಿಜವಾಗಿ ಈಗಲೇ ಬೇಕು ಅಂದದ್ದು ಬಂದರೆ ಮಾಡಲೇಬೇಕು, ಅದಕ್ಕೆ ಆ್ಯಪ್ ಉತ್ತರ ಕೊಡುವುದಿಲ್ಲ. ಆಗ ಇವತ್ತಿನ ಮೂರರಲ್ಲಿ ಒಂದು ಸಣ್ಣಪುಟ್ಟವನ್ನು ತೆಗೆಯಿರಿ. ಮುಖ್ಯದ್ದನ್ನು ತೆಗೆಯಬೇಡಿ, ಬೇಕಾದರೆ ಚಿಕ್ಕದು ಮಾಡಿ. ಅಧ್ಯಾಯ ಆಗದಿದ್ದರೆ ಎರಡು ಪುಟ.

ಸಣ್ಣಪುಟ್ಟ ಕೆಲಸವೆಲ್ಲ ನಿಮ್ಮೊಬ್ಬರ ತಲೆಗೇ ಯಾಕೆ ಬರಬೇಕು? ಟು ಡುನಲ್ಲಿ ಒಂದು ಪಟ್ಟಿಯನ್ನು ಲಿಂಕ್ ಕಳಿಸಿ ಹಂಚಿಕೊಳ್ಳಬಹುದು. 'ಮನೆ ಸಾಮಾನು' ಅಂತ ನಾಲ್ಕನೇ ಪಟ್ಟಿ ಮಾಡಿ ಗಂಡನಿಗೋ, ಹೆಂಡತಿಗೋ, ಕಾಲೇಜಿಗೆ ಹೋಗುವ ಮಗನಿಗೋ ಕಳಿಸಿ. ದಾರಿಯಲ್ಲಿ ಯಾರಿದ್ದಾರೋ ಅವರು ತಂದು ಟಿಕ್ ಮಾಡುತ್ತಾರೆ. ಮೂರೇ ಪಟ್ಟಿ ಅಂದಿದ್ದೆ, ಈ ಒಂದಕ್ಕೆ ರಿಯಾಯಿತಿ ಇದೆ.

ಹಂತ 8: ಉಳಿದದ್ದನ್ನು ಏನು ಮಾಡುವುದು?

ರಾತ್ರಿ ಪುಟ ಖಾಲಿಯಾಗುತ್ತದೆ. ಮುಗಿಯದ್ದನ್ನು ಮರುದಿನ ಮತ್ತೆ ಕೈಯಾರೆ ಆರಿಸುತ್ತೀರಿ. ಒಂದೇ ಕೆಲಸವನ್ನು ಮೂರನೇ ಸಲ ಆರಿಸುತ್ತಿದ್ದರೆ ಅಲ್ಲೇ ನಿಲ್ಲಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ಹೆಜ್ಜೆ ಇನ್ನೂ ದೊಡ್ಡದು, ಹಾಗಾದರೆ ಒಡೆಯಿರಿ. ಅದು ಬೇರೆಯವರ ಕೈಯಲ್ಲಿದೆ, ಉದಾಹರಣೆಗೆ ಅಣ್ಣ ಇನ್ನೂ ಆಧಾರ್ ಕಳಿಸಿಲ್ಲ. ಹಾಗಾದರೆ ಕೆಲಸದ ಹೆಸರು ಬದಲಿಸಿ, 'ಅಣ್ಣನಿಗೆ ಭಾನುವಾರ ಫೋನ್' ಅಂತ ಮಾಡಿ. ಇಲ್ಲವೇ ನಿಮಗೆ ಅದು ನಿಜಕ್ಕೂ ಬೇಕಿಲ್ಲ. ಗಿಟಾರ್ ಕಲಿಯುವುದು, ಜರ್ಮನ್ ಕಲಿಯುವುದು ಹೆಚ್ಚಾಗಿ ಈ ಮೂರನೆಯ ಜಾತಿಗೆ ಸೇರಿರುತ್ತವೆ. 'ಮುಂದೆ ನೋಡೋಣ'ಕ್ಕೆ ಕಳಿಸಿ, ಬೇಜಾರು ಮಾಡಿಕೊಳ್ಳಬೇಡಿ.

ವಾರಕ್ಕೊಮ್ಮೆ, ಭಾನುವಾರ ಸಂಜೆ ಅಂತಿಟ್ಟುಕೊಳ್ಳಿ, 'ಟಾಸ್ಕ್ಸ್'ನಲ್ಲಿ ಬಿದ್ದಿರುವುದನ್ನು ಹಂಚಿ. 'ಮುಖ್ಯ'ದ ಐದರಲ್ಲಿ ಈ ವಾರ ಒಂದು ಹೆಜ್ಜೆಯೂ ಹೋಗದ್ದು ಯಾವುದು ನೋಡಿ, ಅದನ್ನು ಸೋಮವಾರಕ್ಕೆ ಇಡಿ. 'ಮುಂದೆ ನೋಡೋಣ'ವನ್ನು ತಿಂಗಳಿಗೊಮ್ಮೆ ತೆರೆದರೆ ಸಾಕು, ತೆರೆದಾಗ ಒಂದೆರಡನ್ನು ಅಳಿಸಿಹಾಕಿ.

ಮದುವೆ, ಹಬ್ಬ, ಜ್ವರ ಅಂತ ಹತ್ತು ದಿನ ಆ್ಯಪ್ ಮುಟ್ಟದೆ ಹೋದರೆ ಹಿಂದಿನದನ್ನು ಸರಿಮಾಡಲು ಕೂರಬೇಡಿ. ಮೈ ಡೇ ಹೇಗೂ ಬೋಳಾಗಿರುತ್ತದೆ. 'ಪ್ಲ್ಯಾನ್ಡ್' ತೆರೆದು ಗಡುವು ದಾಟಿದ್ದು ಏನಾದರೂ ಇದೆಯಾ ನೋಡಿ, ಇದ್ದರೆ ಅದನ್ನು ಮೊದಲು ಹಾಕಿ. ಆಮೇಲೆ 'ಮುಖ್ಯ'ದಿಂದ ತೀರಾ ಚಿಕ್ಕ ಹೆಜ್ಜೆ ಒಂದನ್ನು ಆರಿಸಿ, ಹತ್ತು ನಿಮಿಷದಲ್ಲಿ ಆಗುವಂಥದ್ದು. ಆ ದಿನಕ್ಕೆ ಅವೆರಡೇ ಇರಲಿ.